ನಾಲ್ಕನೇ ಸ್ಥಾನದ ಸಿಂಹಾವಲೋಕನ

2021ರ ಆಗಸ್ಟ್ 7ರ ಬೆಳಗ್ಗೆ, ಗಾಲ್ಫ್ ಕೋಲನ್ನ ಜನ್ಮದಲ್ಲಿ ಮುಟ್ಟದವರೂ ಗಾಲ್ಫ್ ನೋಡ್ತಾ ಕೂತಿದ್ವಿ. ಟೋಕಿಯೊ ಒಲಿಂಪಿಕ್ಸ್, ಮಹಿಳೆಯರ ಗಾಲ್ಫಿನ ಕಡೇ ದಿನ. ಬೆಂಗಳೂರಿನ ಅದಿತಿ ಅಶೋಕ್ ಎರಡನೇ ಸ್ಥಾನದಲ್ಲಿದ್ದಾಳೆ ಅನ್ನೋ ಸುದ್ದಿ ಹಿಂದಿನ ದಿನವೇ ಎಲ್ಲರ ಫೋನಿಗೂ ಬಂದಿತ್ತು. ಆಕೆ ಪದಕ ಗೆಲ್ಲಲಿಲ್ಲ, ನಾಲ್ಕನೆಯವಳಾದಳು. ಅದೇ ಸಂಜೆ ನೀರಜ್ ಚೋಪ್ರಾ ಎಸೆದ ಈಟಿ 87.58 ಮೀಟರ್ ಹಾರಿ ದೇಶಕ್ಕೆ ಚಿನ್ನ ತಂತು. ಬೆಳಗ್ಗೆ ಹುಟ್ಟಿದ ನಮ್ಮ ಗಾಲ್ಫ್ ಪ್ರೀತಿ ಸಂಜೆಗೆಲ್ಲಾ ಮಾಯ.

ನೀರಜ್ ಬಗ್ಗೆ ನಂದೇನೂ ತಕರಾರಿಲ್ಲ. ತಕರಾರಿರೋದು ಆ ಕೆಲವೇ ಗಂಟೆಗಳಲ್ಲಿ ಟಿವಿ, ಪತ್ರಿಕೆ, ಸ್ಟೇಟಸ್ಸು ಎಲ್ಲಾ ಕಡೆ ನಾವು ಆಡಿದ ಮಾತಿನ ಬಗ್ಗೆ. ಆಡಿದ್ದು ಎರಡೇ ಥರದ ಮಾತು. ಒಂದು, ‘ಅಯ್ಯೋ, ಕೂದಲೆಳೆ ಅಂತರದಲ್ಲಿ ಪದಕ ತಪ್ಪೋಯ್ತು’. ಇನ್ನೊಂದು, ‘ಪದಕ ಬರದಿದ್ರೇನಂತೆ, ನಮ್ಮ ಪಾಲಿಗೆ ನೀನೇ ಚಿನ್ನ’. ಮೊದಲನೇದು ಮರುಕ, ಎರಡನೇದು ಸಮಾಧಾನ. ಹೇಳಿದವರ ಮನಸ್ಸು ಒಳ್ಳೇದೇ. ಆದ್ರೆ ಈ ಎರಡೂ ಮಾತನ್ನ ಆಟ ನೋಡದೇನೂ ಹೇಳಬಹುದಿತ್ತು. ನಾಲ್ಕನೇ ಸ್ಥಾನ ಅನ್ನೋದೊಂದು ಗೊತ್ತಿದ್ರೆ ಸಾಕು.

ಹಂಗಾದ್ರೆ ಆಟದಲ್ಲಿ ನಡೆದದ್ದೇನು?

ಕಸುಮಿಗಸೆಕಿ ಕಂಟ್ರಿ ಕ್ಲಬ್ಬಿನ ಮೈದಾನ. 18 ಹೋಲ್. ಚೆಂಡನ್ನ ಅಷ್ಟೂ ಹೋಲಿಗೆ ಹಾಕೋಕೆ 71 ಹೊಡೆತ ಬೇಕು ಅನ್ನೋದು ಲೆಕ್ಕ; ಅದಕ್ಕೆ ಪಾರ್ ಅಂತಾರೆ. ಒಂದು ಹೋಲಿನಲ್ಲಿ ಒಂದು ಹೊಡೆತ ಉಳಿಸಿದ್ರೆ ಬರ್ಡಿ, ಒಂದು ಜಾಸ್ತಿ ಖರ್ಚು ಮಾಡಿದ್ರೆ ಬೋಗಿ. ನಾಲ್ಕು ದಿನ, 72 ಹೋಲ್, ಕಮ್ಮಿ ಹೊಡೆತದವರು ಮುಂದೆ. ಅದಿತಿ ಆಗ ವಿಶ್ವ ರ‍್ಯಾಂಕಿಂಗಿನಲ್ಲಿ 200ನೆಯವಳು. ಎದುರಿಗಿದ್ದ ಅಮೆರಿಕದ ನೆಲ್ಲಿ ಕೋರ್ಡಾ ನಂಬರ್ ಒನ್. ಅದಿತಿ 67, 66, 68 ಹೊಡೆದು ಮೂರು ದಿನದಲ್ಲಿ ಪಾರ್‌ಗಿಂತ 12 ಹೊಡೆತ ಉಳಿಸಿದ್ದಳು. ಬ್ಯಾಗು ಹೊತ್ತು ಜೊತೆಗೆ ನಡೀತಿದ್ದದ್ದು ಅವಳಮ್ಮ. ಕೆಲವೇ ತಿಂಗಳ ಹಿಂದೆ ಕೋವಿಡ್ ಆಗಿ ಹೊಡೆತದ ದೂರ ಕಮ್ಮಿಯಾಗಿತ್ತು. ಮೊದಲೇ ಅವಳದ್ದು ದೂರ ಹೊಡೆಯೋ ಆಟ ಅಲ್ಲ. ಹೋಲಿನ ಹತ್ತಿರ ಚೆಂಡನ್ನ ತಳ್ಳೋ ಪಟಿಂಗ್ ಅವಳ ಬಂಡವಾಳ.

ಕಡೇ ದಿನ 5, 6, 8ನೇ ಹೋಲ್‌ಗಳಲ್ಲಿ ಬರ್ಡಿ. 9 ಮತ್ತು 11ರಲ್ಲಿ ಬೋಗಿ. 13, 14ರಲ್ಲಿ ಮತ್ತೆ ಬರ್ಡಿ. ಮುಗಿಯೋಕೆ ಎರಡು ಹೋಲ್ ಇದೆ ಅನ್ನುವಾಗ ಮಿಂಚಿನ ಭಯಕ್ಕೆ ಆಟ ಮುಕ್ಕಾಲು ಗಂಟೆ ನಿಂತಿತು. ಆಗ ಅದಿತಿಯೂ ಅವಳ ಜೊತೆಗೇ ಆಡ್ತಿದ್ದ ನ್ಯೂಜಿಲೆಂಡಿನ ಲಿಡಿಯಾ ಕೋ ಕೂಡ ಸಮ. ಆಟ ಮತ್ತೆ ಶುರುವಾದಾಗ 17ನೇ ಹೋಲಿನಲ್ಲಿ ಲಿಡಿಯಾ ಬರ್ಡಿ ಹೊಡೆದಳು, ಅದಿತಿ ಪಾರ್. 18ರಲ್ಲಿ ಅದಿತಿಗೆ ಉಳಿದಿದ್ದದ್ದು ತುಂಬಾ ದೂರದ ಪಟ್. ಬೀಳಲಿಲ್ಲ. ಮುಂದಿನ ಗುಂಪಿನಲ್ಲಿ ಜಪಾನಿನ ಮೊನೆ ಇನಾಮಿ ಕೋರ್ಡಾಗೆ ಸಮ ಬಂದಿದ್ದಳು. 18ನೇ ಹೋಲಿನಲ್ಲಿ ಚೆಂಡು ಮರಳಿನ ಬಂಕರಿಗೆ ಹೋಗಿ ಕೂತು ಒಂದು ಹೊಡೆತ ಕಳಕೊಂಡಳು. ಕೊನೆಗೆ ಕೋರ್ಡಾ 267, ಇನಾಮಿ ಮತ್ತು ಲಿಡಿಯಾ 268, ಅದಿತಿ 269. ಬೆಳ್ಳಿಗಾಗಿ ನಡೆದ ಪ್ಲೇಆಫಿನಲ್ಲಿ ಇನಾಮಿ ಗೆದ್ದಳು, ಲಿಡಿಯಾಗೆ ಕಂಚು.

ಊರಿಗೆ ಫೋನ್ ಮಾಡಿದಾಗ ಜಮಖಂಡಿಯ ನಮ್ಮ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲೋ ತಮ್ಮಾ, ಕಡೀಕ ಯಾರು ಯಾರನ್ನ ಕೆಡವಿದ್ರು?”

ನಮ್ಮ ಕಡೆಯವರ ಕಣ್ಣು ಪಳಗಿರೋದು ಕುಸ್ತಿ ಕಣದಲ್ಲಿ. ಕುಸ್ತಿಯಲ್ಲಿ ಕಡೇ ಪಟ್ಟೇ ಎಲ್ಲಾ. ಅರ್ಧ ಗಂಟೆ ನೀನೇ ಮೇಲಿದ್ರೂ, ಬೆನ್ನು ಮಣ್ಣಿಗೆ ಹತ್ತಿದ್ರೆ ಮುಗೀತು. ಆ ಕಣ್ಣಲ್ಲಿ ಗಾಲ್ಫ್ ನೋಡಿದ್ರೆ, 17ನೇ ಹೋಲಿನಲ್ಲಿ ಲಿಡಿಯಾ ಅದಿತಿಯನ್ನ ಕೆಡವಿದಳು ಅಂತಲೇ ಕಾಣೋದು. ನಮ್ಮ ಸುದ್ದಿಯವರೂ ಗಾಲ್ಫನ್ನ ಕುಸ್ತಿ ಥರಾನೇ ಬರೆದ್ರು. ನಮ್ಮಲ್ಲೇ ಇನ್ನೊಂದು ಆಟ ಇದೆ, ಗಾಲ್ಫಿಗೆ ಅದು ಹತ್ತಿರದ್ದು: ತೆರಬಂಡಿ. ಮುಧೋಳ, ಬೀಳಗಿ ಕಡೆ ಜಾತ್ರೆಗಳಲ್ಲಿ ನೋಡಿರ್ತೀರಿ. ಗಾಲಿ ಉರುಳದಂಗೆ ಕಟ್ಟಿದ ಬಂಡಿಯನ್ನ ಎತ್ತಿನ ಜೋಡಿ ಎಳೀಬೇಕು; ಎಷ್ಟು ಎಳೀತು ಅಂತ ಟೇಪು ಹಿಡಿದು ಅಳೀತಾರೆ. ನಿನ್ನ ಎತ್ತು ಇನ್ನೊಬ್ಬನ ಎತ್ತಿಗೆ ಕೊಂಬು ಕೊಡೋದಿಲ್ಲ. ನಿನ್ನ ಹೋರಾಟ ನೆಲದ ಜೊತೆ, ಭಾರದ ಜೊತೆ. ನಿನ್ನ ಅಳತೆ ಆದ ಮೇಲೆ ಬೇರೆಯವನು ನಾಲ್ಕು ಅಡಿ ಜಾಸ್ತಿ ಎಳೆದ್ರೆ ಅದು ನಿನ್ನ ತಪ್ಪಲ್ಲ. ಕಾಕಾಗೆ ಹಿಂಗೆ ಹೇಳಿದೆ. “ಹಂಗಂದ್ರ ಆಕಿ ಸೋತಿಲ್ಲ, ಉಳಿದಾರು ಜಾಸ್ತಿ ಎಳದ್ರು” ಅಂದ್ರು. ಆ ದಿನ ನಾನು ಕೇಳಿದ್ದರಲ್ಲಿ ಸರಿಯಾದ ವಿಮರ್ಶೆ ಅದೊಂದೇ.

ಹಾಗಂತ ಕಡೇ ಹೋಲ್‌ಗಳಿಗೆ ಬೆಲೆಯೇ ಇಲ್ವಾ? ಇದೆ. ಅದನ್ನ ನೋಡೋ ರೀತಿ ಬೇರೆ ಇರಬೇಕು. ಆ ರೀತಿಯನ್ನ ಕನ್ನಡಕ್ಕೆ ಕೊಟ್ಟವನು ಮುಧೋಳದವನೇ. ಈಗ ಮುಧೋಳ ಅಂದ್ರೆ ಎಲ್ಲರಿಗೂ ನಾಯಿ ನೆನಪಾಗತ್ತೆ. ಸಾವಿರ ವರ್ಷದ ಹಿಂದೆ ಆ ಊರಿನ ಬಳೆಗಾರರ ಮನೆಯ ಹುಡುಗ ರನ್ನ ‘ಗದಾಯುದ್ಧ’ ಬರೆದ. ಇಡೀ ಮಹಾಭಾರತವನ್ನ ಮೊದಲಿಂದ ಹೇಳೋ ಬದಲು, 18ನೇ ದಿನ ಭೀಮ-ದುರ್ಯೋಧನರ ಗದೆ ಕಾಳಗಕ್ಕೆ ಬಂದು ನಿಂತ. ಅಲ್ಲಿಂದ ಹಿಂದಕ್ಕೆ ತಿರುಗಿ ನಡೆದದ್ದನ್ನೆಲ್ಲಾ ನೋಡಿದ. ಸಿಂಹ ನಡೀತಾ ನಡೀತಾ ಹಿಂತಿರುಗಿ ನೋಡೋ ಥರ. ಅದಕ್ಕೇ ಸಿಂಹಾವಲೋಕನ ಅನ್ನೋದು. (18ನೇ ದಿನ, 18ನೇ ಹೋಲ್, ಅಲ್ಲೂ ಗದೆ, ಇಲ್ಲೂ ಒಂದು ಥರದ ಗದೆ. ಈ ಹೋಲಿಕೆ ತಾನಾಗೇ ಸಿಕ್ಕಿದ್ದು, ನನ್ನನ್ನ ಬಯ್ಯಬೇಡಿ.)

ರನ್ನನಿಂದ ನಾವು ಕಲಿಯೋದು ಎರಡಿದೆ. ಒಂದು, ಕಡೇ ಹೊಡೆತ ಕಥೆಯ ಕೊನೆಯಷ್ಟೇ ಅಲ್ಲ, ಹಿಂದಿನದನ್ನೆಲ್ಲಾ ನೋಡೋಕೆ ನಿಲ್ಲೋ ಜಾಗ. ಎರಡು, ಗೆದ್ದವನು ಭೀಮ ಆದ್ರೂ, ಕಾವ್ಯದ ನಾಯಕ ಭೀಮ ಆದ್ರೂ, ಓದಿದವರ ಎದೆಯಲ್ಲಿ ಉಳಿಯೋದು ಸೋತ ದುರ್ಯೋಧನ. ಅವನಿಗೆ ರನ್ನ ಸಮಾಧಾನದ ಮಾತೇನೂ ಹೇಳಲಿಲ್ಲ. ಅವನ ಕಾಳಗವನ್ನ ಪೂರ್ತಿ ಬರೆದ, ಅಷ್ಟೇ.

ಈಗ ಅದಿತಿಯ 18ನೇ ಹೋಲಿನಲ್ಲಿ ನಿಂತು ಹಿಂದಕ್ಕೆ ನೋಡೋಣ. ಪದಕ ‘ತಪ್ಪಿಸಿದ’ ಆ ಒಂದು ಹೊಡೆತ ಎಲ್ಲಿದೆ? 18ರಲ್ಲಿ ಬೀಳದ ಪಟ್ಟಿನಲ್ಲೋ? 9ರ ಬೋಗಿಯಲ್ಲೋ? 11ರಲ್ಲೋ? ಮೂರನೇ ದಿನ ಯಾರೂ ಟಿವಿ ಹಚ್ಚದಿದ್ದ ಹೊತ್ತಲ್ಲಿ ಪಾರ್‌ಗೇ ಮುಗಿದ ಯಾವುದೋ ಹೋಲಿನಲ್ಲೋ? 269ರಲ್ಲಿ ಒಂದನ್ನ ಹೆಕ್ಕಿ ‘ಇದೇ ಅದು’ ಅನ್ನೋಕಾಗಲ್ಲ. ರಬಕವಿ-ಬನಹಟ್ಟಿಯ ನೇಕಾರರನ್ನ ಕೇಳಿ: ಸೀರೆಯ ಉದ್ದ ಆಗೋದು ಯಾವ ಎಳೆಯಿಂದ ಅಂತ. ಕಡೇ ಎಳೆಗೂ ಮೊದಲ ಎಳೆಗೂ ಅಳತೆ ಒಂದೇ.

ಇನ್ನೂ ಒಂದು ಲೆಕ್ಕ ಇದೆ, ‘ಒಂದೇ ಒಂದು ಹೊಡೆತದಲ್ಲಿ’ ಅಂತ ಮರುಗಿದ ಯಾರೂ ಅದನ್ನ ಮಾಡಲಿಲ್ಲ. ಅದಿತಿ ಆ ಒಂದು ಹೊಡೆತ ಉಳಿಸಿದ್ರೆ ಏನಾಗ್ತಿತ್ತು? 268. ಅಂದ್ರೆ ಇನಾಮಿ, ಲಿಡಿಯಾ ಜೊತೆ ಮೂವರ ಪ್ಲೇಆಫ್. ಮೂವರಿಗೆ ಎರಡೇ ಪದಕ. ಅಲ್ಲೂ ಒಬ್ಬರು ನಾಲ್ಕನೆಯವರಾಗಲೇಬೇಕಿತ್ತು. ಕೂದಲೆಳೆ ಅಂತ ನಾವು ಅಂದದ್ದು ಪದಕದಿಂದ ಇದ್ದ ದೂರವನ್ನಲ್ಲ, ಪದಕಕ್ಕೆ ಇನ್ನೊಂದು ಸಲ ಸ್ಪರ್ಧೆ ಮಾಡೋ ಅವಕಾಶದಿಂದ ಇದ್ದ ದೂರವನ್ನ.

ಒತ್ತಡದ ಮಾತು ಬೇರೆ, ಅದನ್ನ ಒಪ್ಪಬೇಕು. ಮೊದಲ ದಿನದ 3ನೇ ಹೋಲಿನಲ್ಲಿ ಕೈ ನಡುಗೋದಕ್ಕೂ ಒಲಿಂಪಿಕ್ಸಿನ 71ನೇ ಹೋಲಿನಲ್ಲಿ ನಡುಗೋದಕ್ಕೂ ವ್ಯತ್ಯಾಸ ಇದೆ. ಕಡೇ ಹೋಲ್‌ಗಳು ಪರೀಕ್ಷೆ ಮಾಡೋದು ಅದನ್ನೇ. ಆ ಪರೀಕ್ಷೆಯಲ್ಲಿ ಅದಿತಿಯ ಉತ್ತರ ನೋಡಿ: 12ರಿಂದ 18ರವರೆಗೆ ಏಳು ಹೋಲ್, ಎರಡು ಬರ್ಡಿ, ಐದು ಪಾರ್, ಒಂದೂ ಬೋಗಿ ಇಲ್ಲ. ಕಡೇ ದಿನದ ಅವಳ ಸ್ಕೋರು 68, ಚಿನ್ನ ಗೆದ್ದ ಕೋರ್ಡಾದು 69. ಇನಾಮಿ ಮತ್ತು ಲಿಡಿಯಾ 65 ಹೊಡೆದ್ರು. ಆ ದಿನದ ಕಥೆ ಇರೋದು ಈ 65ರಲ್ಲಿ.

ಹೋಲಿಸಿ ನೋಡೋಕೆ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಇದೆ. ಮೂರನೇ ದಿನ ಅದಿತಿ 61 ಹೊಡೆದು ಏಳು ಹೊಡೆತ ಮುಂದಿದ್ದಳು. ಕಡೇ ದಿನ 77. ಚಿನ್ನ ಥಾಯ್ಲೆಂಡಿನ ಹುಡುಗಿಯ ಪಾಲಾಯ್ತು, ಅದಿತಿಗೆ ಬೆಳ್ಳಿ. ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಭಾರತದ ಮಹಿಳೆಯೊಬ್ಬಳು ಗೆದ್ದ ಮೊದಲ ಪದಕ ಅದು, ಹಾಗಾಗಿ ಇತಿಹಾಸ ಅಂತ ಸಂಭ್ರಮಿಸಿದ್ವಿ, ಸಂಭ್ರಮಿಸಿದ್ದು ಸರಿಯೇ. ಆದ್ರೆ ನಿಜಕ್ಕೂ ಆಟ ಕೈ ಜಾರಿದ್ದು ಅಲ್ಲಿ, ಟೋಕಿಯೊದಲ್ಲಲ್ಲ. ಕೈ ಜಾರಿದ ಕಡೆ ‘ಇತಿಹಾಸ’, ಗಟ್ಟಿಯಾಗಿ ನಿಂತ ಕಡೆ ‘ಅಯ್ಯೋ’. ನಾವು ವರ್ಣಿಸ್ತಾ ಇರೋದು ಪದಕವನ್ನ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಟೋಕಿಯೊದಲ್ಲಿ ಚಂಡಮಾರುತದ ಮುನ್ಸೂಚನೆ ಇತ್ತು. ನಾಲ್ಕನೇ ದಿನದ ಆಟ ಮುಗಿಸೋಕೆ ಆಗದಿದ್ರೆ ಮೂರು ದಿನದ ಸ್ಕೋರೇ ಕೊನೆ, ಅದಿತಿಗೆ ಬೆಳ್ಳಿ. ಮಳೆ ಬರಲಪ್ಪಾ ಅಂತ ನಮ್ಮಲ್ಲಿ ಎಷ್ಟೋ ಜನ ಬೇಡ್ಕೊಂಡ್ರು. ತಮಾಷೆ ಅನ್ಸಬಹುದು. ಆದ್ರೆ ಬೇಡ್ಕೊಂಡದ್ದು ಅವಳ ಆಟ ನಿಲ್ಲಲಿ ಅಂತ. ಆ ಮಳೆ ಬಂದಿದ್ರೆ 13, 14ನೇ ಹೋಲಿನ ಬರ್ಡಿಗಳು ಇರ್ತಿರಲಿಲ್ಲ, ನಂಬರ್ ಒನ್ ಆಟಗಾರ್ತಿಗಿಂತ ಒಂದು ಹೊಡೆತ ಕಮ್ಮಿ ಹೊಡೆದ ಆ ದಿನವೇ ಇರ್ತಿರಲಿಲ್ಲ.

ಇದೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಿಮ್ಮಲ್ಲಿ ಕೆಲವರು ದೊಮ್ಮಲೂರಿನ ಹತ್ತಿರ ಗಾಲ್ಫ್ ಲಿಂಕ್ಸ್ ಅನ್ನೋ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡ್ತಿರಬಹುದು. ಪಕ್ಕದಲ್ಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ. ಅದಿತಿ ಐದು ವರ್ಷದವಳಿದ್ದಾಗ ಮೊದಲು ಕೋಲು ಹಿಡಿದದ್ದು ಅಲ್ಲೇ. ಅಪ್ಪ-ಅಮ್ಮ ಇಬ್ಬರೂ ಅಲ್ಲಿಯವರೆಗೆ ಗಾಲ್ಫ್ ಆಡಿದವರಲ್ಲ, ತಿಂಡಿ ತಿನ್ನೋಕೆ ಹೋದಾಗ ಕಂಡ ಆಟ ಅದು. ಗಾಜಿನ ಆಚೆ ಆ ಹಸಿರನ್ನ ನೋಡ್ತಾ, ಈಚೆ ನೀವು ವರ್ಷಕ್ಕೊಮ್ಮೆ ಅಪ್ರೈಸಲ್ಲಿಗೆ ಕೂರ್ತೀರಿ. ಹತ್ತು ತಿಂಗಳ ಕೆಲಸ ಮರೆತು ಕಡೇ ಎರಡು ತಿಂಗಳಿಗೆ ರೇಟಿಂಗ್ ಕೊಟ್ರೆ ಎಷ್ಟು ಉರಿಯತ್ತೆ ಅಂತ ನಿಮಗೆ ಗೊತ್ತು. ಆಗ ಮ್ಯಾನೇಜರ್ ಬೆನ್ನು ತಟ್ಟಿ ‘ನಮ್ಮ ಪಾಲಿಗೆ ನೀನೇ ಸ್ಟಾರ್’ ಅಂದ್ರೆ ಇನ್ನೂ ಜಾಸ್ತಿ ಉರಿಯತ್ತೆ. ಆಗ ಬೇಕಿರೋದು ಮಾಡಿದ ಕೆಲಸವನ್ನ ಸಾಲು ಸಾಲಾಗಿ ಓದೋ ಒಬ್ಬ ಮನುಷ್ಯ.

ಆಟಗಾರರಿಗೂ ಅಂಥ ಓದುಗರು ಬೇಕು. 1960ರಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಪಿ.ಟಿ. ಉಷಾ, 2016ರಲ್ಲಿ ದೀಪಾ ಕರ್ಮಾಕರ್, ಎಲ್ಲರೂ ಒಲಿಂಪಿಕ್ಸಿನ ನಾಲ್ಕನೆಯವರು. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳಕೊಂಡದ್ದು ನಮಗೆಲ್ಲಾ ಬಾಯಿಪಾಠ. ಆ ಓಟದಲ್ಲಿ ಯಾವ ಹರ್ಡಲ್ ಹೆಂಗೆ ದಾಟಿದಳು ಅಂತ ಕೇಳಿದ್ರೆ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ? ಅಂತರ ನೆನಪಿದೆ, ಓಟ ಮರೆತಿದೆ.

ಆವತ್ತಿನ ಸುದ್ದಿ ಬರೆಯೋ ಕೆಲಸ ನನಗೆ ಕೊಟ್ಟಿದ್ರೆ ತಲೆಬರಹ ಇಷ್ಟೇ ಇರ್ತಿತ್ತು: ಕೊನೆಯ ಏಳು ಹೋಲ್‌ಗಳಲ್ಲಿ ಒಂದೂ ಬೋಗಿ ಇಲ್ಲ, 269 ಹೊಡೆತ, ಅದಿತಿ ನಾಲ್ಕನೆಯವಳು.