ನಂಬಿಕೆಯನ್ನು ತಿದ್ದುವುದೋ, ನಂಬಿಕೆಯೊಡನೆ ಮಾತಾಡುವುದೋ: ಗುಂಪು ಮನೋಶಿಕ್ಷಣದ ಒಂದು ಜಾನಪದೀಯ ವಿಮರ್ಶೆ

ಜಾನಪದ ಅಧ್ಯಯನದಲ್ಲಿ 'ನಂಬಿಕೆ' ಎಂಬುದು ಸ್ವತಂತ್ರವಾದ ಒಂದು ಪ್ರಕಾರ. ವೈದ್ಯಕೀಯ ಬರಹಗಳಲ್ಲಾದರೋ ಅದೇ ಪದ ಬಹುಮಟ್ಟಿಗೆ ತಿಳಿವಳಿಕೆಯ ಕೊರತೆಯನ್ನು ಸೂಚಿಸುತ್ತದೆ. ಉನ್ಮಾದ ಮತ್ತು ಖಿನ್ನತೆಗಳು ಸರದಿಯಂತೆ ಮರಳಿ ಬರುವ ದ್ವಿಧ್ರುವ ಮನೋವ್ಯಾಧಿಗೆ ನೀಡಲಾಗುವ ಗುಂಪು ಮನೋಶಿಕ್ಷಣವನ್ನು ಈ ಎರಡು ಅರ್ಥಗಳ ನಡುವೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕ್ಷೇತ್ರದಲ್ಲಿ ಸ್ಪೇನಿನ ಬಾರ್ಸಿಲೋನಾದ ಫ್ರಾನ್ಸೆಸ್ಕ್ ಕೊಲೋಮ್, ಎಡ್ವರ್ಡ್ ವಿಯೆಟಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯವಾದುದು. ಔಷಧಿ ಸೇವಿಸುತ್ತ ಚೇತರಿಸಿಕೊಂಡಿದ್ದ 120 ಜನರನ್ನು ಎರಡು ಪಂಗಡಗಳಾಗಿ ವಿಂಗಡಿಸಲಾಯಿತು. ಒಂದು ಪಂಗಡಕ್ಕೆ 90 ನಿಮಿಷಗಳ 21 ಕೂಟಗಳಲ್ಲಿ ರೋಗದ ಅರಿವು, ಔಷಧಿಯ ನಿಷ್ಠೆ, ಮಾದಕ ವಸ್ತುಗಳ ವರ್ಜನೆ, ಮುನ್ಸೂಚನೆಗಳ ಗುರುತು, ಕ್ರಮಬದ್ಧ ದಿನಚರಿ ಇವುಗಳನ್ನು ಬೋಧಿಸಲಾಯಿತು. ಇನ್ನೊಂದು ಪಂಗಡ ಅಷ್ಟೇ ಸಲ ಕೂಡಿ ಕುಳಿತರೂ ಅಲ್ಲಿ ಪಾಠವಿರಲಿಲ್ಲ. ಎರಡು ವರ್ಷಗಳ ಕೊನೆಗೆ ಮೊದಲ ಪಂಗಡದ ಶೇ. 67 ಜನರಲ್ಲಿ, ಎರಡನೆಯದರ ಶೇ. 92 ಜನರಲ್ಲಿ ರೋಗ ಮರುಕಳಿಸಿತ್ತು. ಬರಿಯ ಒಡನಾಟವಷ್ಟೇ ಸಾಲದು, ಬೋಧನೆಗೂ ಫಲವಿದೆ ಎಂಬುದು ಇದರಿಂದ ಸ್ಪಷ್ಟ.

ಆದರೆ ಈ ಅಂಕಿಗಳು ಹೇಳುವುದು ಮರುಕಳಿಕೆಯನ್ನು ಕುರಿತು. ರೋಗಿಯ ಮನಸ್ಸಿನಲ್ಲಿ ಹಳೆಯ ನಂಬಿಕೆ ಅಳಿಯಿತೇ, ಹೊಸದು ಅದರ ಪಕ್ಕದಲ್ಲಿ ಬಂದು ಕುಳಿತಿತೇ ಎಂಬುದನ್ನು ಅವು ತಿಳಿಸುವುದಿಲ್ಲ. ನಮ್ಮ ನೆಲದ ಅನುಭವ ಎರಡನೆಯದನ್ನೇ ಸೂಚಿಸುತ್ತದೆ. ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ನಡೆಸಿ 1976ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಅಧ್ಯಯನವು ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ಚಿಕಿತ್ಸಕರನ್ನು ಗುರುತಿಸಿತು. ಪಾತ್ರಿಯ ಬಳಿಗೆ ಹೋದವನು ಡಾಕ್ಟರರ ಬಳಿಗೂ ಹೋಗುವುದು ನಮ್ಮಲ್ಲಿ ವಿರೋಧಾಭಾಸವೆನಿಸುವುದಿಲ್ಲ.

ರೋಗಕಲ್ಪನೆಯಲ್ಲಿ ಹೆಸರು, ಕಾರಣ, ಕಾಲಾವಧಿ, ಪರಿಣಾಮ, ಹತೋಟಿ ಎಂಬ ಅಂಗಗಳಿರುತ್ತವೆ ಎಂದು ಮನಶ್ಶಾಸ್ತ್ರಜ್ಞ ಹೊವರ್ಡ್ ಲೆವೆಂತಾಲ್ ಅವರ ಪರಂಪರೆಯ ಚಿಂತನೆ ಹೇಳುತ್ತದೆ. ಇವುಗಳಲ್ಲಿ ಮನೋಶಿಕ್ಷಣ ವಿಶೇಷವಾಗಿ ಮುಟ್ಟಬೇಕಾದುದು ಕಾಲಾವಧಿಯನ್ನು. 'ಗ್ರಹಚಾರ' ಎಂಬ ವಿವರಣೆಯಲ್ಲಿ ಕೆಟ್ಟ ಕಾಲಕ್ಕೊಂದು ಕೊನೆಯಿದೆ. ಅದು ಕಳೆಯಿತೆಂದು ತಿಳಿದವನು ಲಿಥಿಯಂ ಮಾತ್ರೆಯನ್ನೂ ಬಿಟ್ಟುಬಿಡಬಹುದು, ಅಪಾಯವಿರುವುದು ಇಲ್ಲಿಯೇ. ಇದಕ್ಕೆ ಪ್ರತಿಯಾಗಿ, ಹುಣ್ಣಿಮೆ–ಅಮಾವಾಸ್ಯೆಗಳಲ್ಲಿ ಚಿತ್ತ ಕೆರಳುತ್ತದೆ ಎಂಬ ನಂಬಿಕೆಯಲ್ಲಿ, ಕಾರಣ ಏನೇ ಇರಲಿ, ಮರಳಿ ಬರುವ ರೋಗದ ಕಲ್ಪನೆ ಆಗಲೇ ಇದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಬೋಧಕನು ತನ್ನ ಪಾಠಕ್ಕೆ ಸಿದ್ಧವಾಗಿದ್ದ ಆಧಾರವನ್ನೇ ಕಳೆದುಕೊಳ್ಳುತ್ತಾನೆ. ಚಂದ್ರನ ಜೊತೆಗೆ ನಿದ್ರೆಯನ್ನೂ ಲೆಕ್ಕವಿಡಿ ಎನ್ನುವುದು ಹೆಚ್ಚು ಫಲಕಾರಿಯಾದೀತು.

ದಿನಚರಿಯ ಪಾಠವೂ ಸ್ಥಳೀಯವಾಗಬೇಕು. ನಿದ್ರೆಗೆಡುವುದು ಉನ್ಮಾದಕ್ಕೆ ಪ್ರಚೋದಕವಾಗಬಲ್ಲದು. ಬೆಳಗಾಗುವವರೆಗೆ ಆಟ, ಕೋಲಗಳು ನಡೆಯುವ ಊರಿನಲ್ಲಿ 'ಬೇಗ ಮಲಗಿ' ಎಂಬ ಉಪದೇಶ ಸಮುದಾಯದಿಂದಲೇ ದೂರವಿರಿ ಎಂಬಂತೆ ಕೇಳಿಸಬಹುದು. ಯಾವ ರಾತ್ರಿ, ಎಷ್ಟು ಹೊತ್ತು, ಜೊತೆಗೆ ಯಾರು ಎಂಬುದನ್ನು ಗುಂಪೇ ಕೂಡಿ ಚರ್ಚಿಸಬೇಕಾಗುತ್ತದೆ.

ಜಾನಪದ ವಿದ್ವಾಂಸರಾದ ನಮ್ಮ ಲೋಪವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಜನಪದ ಚಿಕಿತ್ಸೆಯನ್ನು ಸಂಗ್ರಹಿಸುವ, ಕೊಂಡಾಡುವ ಉತ್ಸಾಹದಲ್ಲಿ, ಔಷಧಿ ನಿಲ್ಲಿಸಿದವನ ಮನೆಯಲ್ಲಿ ಆಮೇಲೆ ಏನಾಯಿತೆಂದು ನಾವು ವಿಚಾರಿಸಿದ್ದು ಕಡಿಮೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಸರಪಳಿಯಲ್ಲಿದ್ದ ಮನೋರೋಗಿಗಳು ಬೆಂಕಿಗೆ ಆಹುತಿಯಾದುದನ್ನು ಮರೆತು ಬರೆಯುವ ಹಕ್ಕು ನಮಗಿಲ್ಲ.

ಒಟ್ಟಿನಲ್ಲಿ, ಹರಕೆ ಒಪ್ಪಿಸಿ ಬಂದು ಮಾತ್ರೆಯನ್ನೂ ನುಂಗುವವನು ಮನೋಶಿಕ್ಷಣದ ಸೋಲಲ್ಲ. ಮಾತ್ರೆಯನ್ನು ಮುಂದುವರಿಸಲು ಅವನ ನಂಬಿಕೆ ಎಡೆಗೊಡುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ವೈದ್ಯರ ಮಾಪನಪಟ್ಟಿಯ ಜೊತೆಗೆ ಜಾನಪದ ವಿದ್ವಾಂಸನ ಕಿವಿಯೂ ಬೇಕು.