ಆಜ್ಞೆಯ ಕೋಟು, ಚಳಿಯ ಕಂಬಳಿ

ನೆಪೋಲಿಯನ್ನನ ಸೈನ್ಯದ ಚಿತ್ರಪುಸ್ತಕಗಳಲ್ಲಿ ಸಿಪಾಯಿಗಳು ಹೆಚ್ಚಾಗಿ ಮದುವೆಗೆ ಹೊರಟವರ ಹಾಗೆ ಇರುತ್ತಾರೆ. ಗುಂಡಿ ಬಿಚ್ಚಿಲ್ಲ, ಬೂಟಿಗೆ ಕೆಸರಿಲ್ಲ. ಯುದ್ಧ ಅಂದ್ರೆ ಇಷ್ಟು ಚಂದವಾ ಅಂತ ಮಕ್ಕಳು ಕೇಳಿಯಾರು.

ಈ ಜಾತಿಯಲ್ಲಿ ನನಗೆ ಮೆಚ್ಚಿಕೆಯಾದವು ಫ್ರಾನ್ಸಿನ ಕಾರ್ಲ್ ವೆರ್ನೆ 1812ರ ಉಡುಪಿನ ನಿಯಮಾವಳಿಗೆ ಬರೆದ ಚಿತ್ರಗಳು. ಒಬ್ಬನನ್ನು ಎದುರಿನಿಂದ, ಇನ್ನೊಬ್ಬನನ್ನು ಬೆನ್ನಿನಿಂದ ತೋರಿಸುತ್ತಾನೆ. ದರ್ಜಿಗೆ ಬೇಕಾದದ್ದೆಲ್ಲ ಉಂಟು. ಆದರೂ ನಿಂತವರು ಗೊಂಬೆಗಳಲ್ಲ, ಅದು ಅವನ ಕೈಗುಣ. ಆದರೆ ಒಂದು ಮಾತು ನೆನಪಿಡಬೇಕು. ಉದ್ದ ಬಾಲದ ಕೋಟು ಹೋಗಿ ಗಿಡ್ಡ ಬಾಲದ್ದು ಬರಬೇಕೆಂಬ ಆ ನಿಯಮ ಹೊರಟದ್ದು ಜನವರಿಯಲ್ಲಿ. ಜೂನಿನಲ್ಲಿ ಸೈನ್ಯ ರಷ್ಯಾದ ಗಡಿ ದಾಟುವಾಗ ಎಷ್ಟೋ ದಳಗಳ ಮೈಮೇಲೆ ಹಳೆಯ ಕೋಟೇ ಇತ್ತು. ಹಾಗಾಗಿ ವೆರ್ನೆಯ ಚಿತ್ರ ಸಾಕ್ಷಿಯಲ್ಲ, ಆಜ್ಞೆ. ಈಗಿನ ಪುಸ್ತಕಗಳು ಅದನ್ನೇ ಸಾಕ್ಷಿಯೆಂದು ಅಚ್ಚು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸಾಕ್ಷಿ ಬೇಕಿದ್ದರೆ ಫಾಬರ್ ದು ಫೌರ್‌ನ ಚಿತ್ರಗಳನ್ನು ನೋಡಬೇಕು. ಜರ್ಮನಿಯ ವುರ್ಟೆಂಬರ್ಗ್ ಸೈನ್ಯದ ಫಿರಂಗಿ ದಳದ ಅಧಿಕಾರಿ ಇವನು. ನೆಪೋಲಿಯನ್ನನ ಜೊತೆ ರಷ್ಯಾಕ್ಕೆ ಹೋದ ಅಲ್ಲಿನ ಸುಮಾರು 15,000 ಮಂದಿಯಲ್ಲಿ ಮರಳಿದ್ದು ಕೆಲವೇ ನೂರು. ಹಾಗೆ ಬದುಕಿ ಬಂದವರಲ್ಲಿ ಇವನೊಬ್ಬ. ದಾರಿಯಲ್ಲಿ ಗೀಚಿಟ್ಟದ್ದನ್ನು ಆಧರಿಸಿದ 100 ಕಲ್ಲಚ್ಚಿನ ಚಿತ್ರಗಳು ಸ್ಟುಟ್‌ಗಾರ್ಟ್‌ನಲ್ಲಿ 1831ರಿಂದ ಪ್ರಕಟವಾದವು. ಚಿತ್ರದ ಕೆಳಗೆ ಊರು, ತಾರೀಕು ಇವೆ. ಮೊದಮೊದಲು ಸಮವಸ್ತ್ರ ಸಮವಸ್ತ್ರವೇ. ಹಿಮ ಬಿದ್ದ ಮೇಲೆ ಕಂಬಳಿ, ತುಪ್ಪಳ, ಕಾಲಿಗೆ ಸುತ್ತಿದ ಚಿಂದಿ. ಯಾರು ಯಾವ ದಳ, ಯಾರು ಅಧಿಕಾರಿ, ಒಂದೂ ತಿಳಿಯುವುದಿಲ್ಲ. ಬೆಂಕಿಯ ಸುತ್ತ ಕೂತವರು ಬರೇ ಮನುಷ್ಯರು.

ಇವನಲ್ಲೂ ಕೊರತೆ ಇಲ್ಲವೆಂದಲ್ಲ. ಅಚ್ಚಾಗುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. ಕೆಲವು ಗುಂಪುಗಳು ರಂಗದ ಮೇಲೆ ನಿಲ್ಲಿಸಿದ ಹಾಗೆ ತೀರಾ ಅಚ್ಚುಕಟ್ಟು. ಸಾಯುವವನೂ ಚಂದವಾಗಿ ಒರಗುತ್ತಾನೆ. ಅಲ್ಲಿ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಹಾಗಂತ ವೆರ್ನೆಯನ್ನು ಬದಿಗಿಡಲಾಗುವುದಿಲ್ಲ. ಫಾಬರನ ಹಿಮದಲ್ಲಿ ಕಂಬಳಿ ಹೊದ್ದವನ ತಲೆಯಲ್ಲಿ ಉಳಿದ ಶಿರಸ್ತ್ರಾಣ ಯಾವ ಉಡುಪಿನದು, ಅದರ ಜೊತೆಗಿದ್ದ ಏನೆಲ್ಲ ಹೋಯಿತು ಎಂದು ತಿಳಿಯಬೇಕಾದರೆ ನಿಯಮದ ಚಿತ್ರವೇ ಬೇಕು. ಸರಕಾರ ಆ ಸಿಪಾಯಿಗೆ ಏನು ಕೊಡುತ್ತೇನೆಂದಿತು ಎಂಬುದು ಒಂದರಲ್ಲಿದೆ, ಕೊನೆಗೆ ಅವನ ಮೈಮೇಲೆ ಏನು ಉಳಿಯಿತು ಎಂಬುದು ಇನ್ನೊಂದರಲ್ಲಿ. ಪುಸ್ತಕ ಮಾಡುವವರು ಎರಡನ್ನೂ ಒಂದೇ ಪುಟದಲ್ಲಿ ಎದುರುಬದುರು ಇಟ್ಟರೆ ಸಾಕು, ಬೇರೆ ವಿವರಣೆ ಬೇಡ.