‘ಕಗ್ಗ’ : ಒಂದು ಪದದ ಅರ್ಥಪಲ್ಲಟ

ಪ್ರಸಿದ್ಧರು ಬಾಯಿತಪ್ಪಿ ಆಡಿದರೆನ್ನಲಾದ ಮಾತು ಭಾಷೆಯಲ್ಲಿ ನೆಲೆಗೊಳ್ಳುವುದು ಅಪೂರ್ವವೇನಲ್ಲ. 1920ರಲ್ಲಿ ಅಮೆರಿಕದ ಅಧ್ಯಕ್ಷಪದವಿಗೆ ನಿಂತಿದ್ದ ವಾರನ್ ಹಾರ್ಡಿಂಗ್ ‘ನಾರ್ಮಲ್ಸಿ’ ಎಂದಾಗ, ‘ನಾರ್ಮಾಲಿಟಿ’ ಎನ್ನಲು ಬಾರದವನೆಂದು ಹಲವರು ನಕ್ಕರು. ವಾಸ್ತವವಾಗಿ ಆ ಪದ ಹಿಂದಿನ ಶತಮಾನದ ನಿಘಂಟಿನಲ್ಲಿಯೇ ಇತ್ತು. ಹಾರ್ಡಿಂಗ್ ಅದನ್ನು ಹುಟ್ಟಿಸಲಿಲ್ಲ. ಆತನಿಂದ ಕೇಳಿದವರು, ನಕ್ಕವರೂ ಸೇರಿ, ಅದನ್ನು ಬಳಕೆಗೆ ತಂದರು.

ಕೋಲಾರ ಸೀಮೆಯಲ್ಲಿ ಇದಕ್ಕಿಂತ ಸ್ವಾರಸ್ಯವಾದ ನಿದರ್ಶನವಿದೆ. ಮಾಲೂರು ತಾಲ್ಲೂಕಿನ ಮಾಸ್ತಿಯ ಸಂಗತಿಯನ್ನು ಇಲ್ಲಿ ಬೆಳೆಸುವುದಿಲ್ಲ. ‘ಮಹಾಸತಿ’ಯಿಂದ ಇಳಿದು ಬಂದ ಆ ಮಾತು ಇಂದಿನ ಓದುಗನಿಗೆ ಕಲ್ಲನ್ನಲ್ಲ, ಕಥೆಗಾರರನ್ನು ನೆನಪಿಗೆ ತರುತ್ತದೆ ಎಂದಿಷ್ಟೇ ಸಾಕು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿ, ಪತ್ರಿಕೋದ್ಯಮದಲ್ಲಿಯೂ ಸಾರ್ವಜನಿಕ ಜೀವನದಲ್ಲಿಯೂ ಹೆಸರಾದ ಡಿ.ವಿ. ಗುಂಡಪ್ಪನವರ ಪ್ರಕರಣ ಹೆಚ್ಚು ವಿಚಾರಾರ್ಹವಾದುದು.

1943ರಲ್ಲಿ ಪ್ರಕಟವಾದ ತಮ್ಮ ಕೃತಿಗೆ ಅವರು ‘ಮಂಕುತಿಮ್ಮನ ಕಗ್ಗ’ ಎಂದು ಹೆಸರಿಟ್ಟರು. ಕಗ್ಗವೆಂದರೆ ಹುರುಳಿಲ್ಲದ, ಬೇಸರ ತರುವ ಮಾತು, ತಿಮ್ಮನೋ ಮಂಕು. 945 ಪದ್ಯಗಳೂ ಕೂಡಿ ಒಂದೇ ಕಗ್ಗವೆಂಬುದು ಶೀರ್ಷಿಕೆಯ ಆಶಯ. ಈಗ ಕೋಲಾರದಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ವಿದ್ಯಾರ್ಥಿಯೊಬ್ಬನನ್ನು ‘ಒಂದು ಕಗ್ಗ ಹೇಳು’ ಎಂದರೆ ಅವನು ನಾಲ್ಕು ಸಾಲಿನ ಒಂದು ಪದ್ಯವನ್ನು ಹೇಳುತ್ತಾನೆ. ಎಣಿಕೆಗೆ ಸಿಗದಿದ್ದ ಪದ ಎಣಿಕೆಗೆ ಸಿಕ್ಕಿತು, ‘ಕಗ್ಗಗಳು’ ಎಂಬ ಬಹುವಚನ ಬಂದಿತು, ನಿಂದಾವಾಚಕವು ಸ್ತುತಿವಾಚಕವಾಯಿತು. ವಿನಯದಿಂದ ಆರಿಸಿದ ಶಬ್ದ ಒಂದು ಪದ್ಯಜಾತಿಯ ಹೆಸರಾಗಲೆಂದು ಕವಿ ಉದ್ದೇಶಿಸಿದ್ದರೆಂದು ನಮಗೆ ತೋರುವುದಿಲ್ಲ. ಶಬ್ದದ ಆಯ್ಕೆ ಬುದ್ಧಿಪೂರ್ವಕವಾದುದು, ಅರ್ಥದ ಹುಟ್ಟು ಆಕಸ್ಮಿಕ.

ಭಾಷಾಶಾಸ್ತ್ರಜ್ಞನಿಗೆ ಇದು ಸಂತೋಷದ ವಿಷಯ. ವಿಮರ್ಶಕನಿಗೆ ಅಷ್ಟು ಸಂತೋಷವಿಲ್ಲ. ‘ಕಗ್ಗ’ವನ್ನು ಸೂಕ್ತಿಯೆಂದು ತಿಳಿದು ಪುಸ್ತಕವನ್ನು ತೆರೆಯುವವನು ಋಷಿಯೊಬ್ಬನ ಉಪದೇಶವನ್ನು ನಿರೀಕ್ಷಿಸುತ್ತಾನೆ, ಅಲ್ಲಿರುವ ಸಂಶಯ, ತಡವರಿಕೆ, ಉತ್ತರ ಸಿಗದೆ ಉಳಿದ ಪ್ರಶ್ನೆ ಇವು ಅವನ ಕಿವಿಗೆ ಬೀಳುವುದಿಲ್ಲ. ಸಭೆಗಳಲ್ಲಿ ಬಿಡಿ ಪದ್ಯಗಳನ್ನು ಉದ್ಧರಿಸುವ ಪದ್ಧತಿ (ಭಾಷಣಕಾರರಿಗೆ ಅದು ಎಷ್ಟು ಅನುಕೂಲ!) ಈ ಕಿವುಡನ್ನು ಹೆಚ್ಚಿಸಿದೆ. ಪದ್ಯಾಂತ್ಯದಲ್ಲಿ ಬರುವ ‘ಮಂಕುತಿಮ್ಮ’ ಎಂಬ ಅಂಕಿತವೂ ಈಗ ಬರಿಯ ತಾಳವಾಗಿ ಕೇಳಿಸುತ್ತಿದೆ; ಮಂಕುತನವನ್ನು ಒಪ್ಪಿಕೊಂಡವನ ದನಿ ಅದರಲ್ಲಿದೆ.

ಹೊಸ ಅರ್ಥವನ್ನು ತಡೆಯುವುದು ಯಾರಿಂದಲೂ ಆಗದು, ತಡೆಯಬೇಕೆಂದು ನಾವು ಹೇಳುತ್ತಲೂ ಇಲ್ಲ. ಆದರೆ ತರಗತಿಯಲ್ಲಿ ಮೊದಲ ಪದ್ಯಕ್ಕೆ ಮುನ್ನ ಶೀರ್ಷಿಕೆಯ ಹಳೆಯ ಅರ್ಥವನ್ನು ಬಿಡಿಸಿ ಹೇಳುವುದಕ್ಕೆ ಐದು ನಿಮಿಷ ಸಾಕು.